ಹಗ್ಗ ಹಿಡಿದರೆ ಹೆಜ್ಜೆ ಇಡದ ಕುದುರೆ: ರೇಸ್ ಬಿಟ್ಟು ಬಂದ ಕುದುರೆಯ ನೆಲದ ತಾಲೀಮಿನಲ್ಲಿ ದೋಷ ಪತ್ತೆ

ಓಟದಿಂದ ನಿವೃತ್ತಿಯಾದ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳು ಬೆಂಗಳೂರು, ಮೈಸೂರು ಸುತ್ತಲಿನ ಸವಾರಿ ಶಾಲೆಗಳಿಗೂ ತೋಟದ ಮನೆಗಳಿಗೂ ಬರುತ್ತಲೇ ಇರುತ್ತವೆ. ಐದಾರು ವರ್ಷದ ಪ್ರಾಯಕ್ಕೇ ಓಟ ಮುಗಿದಿರುತ್ತದೆ. ಆಯಸ್ಸು ಮಾತ್ರ ಇನ್ನೂ ಇಪ್ಪತ್ತು ವರ್ಷ ಉಳಿದಿರಬಹುದು. ಹೊಸ ಜಾಗಕ್ಕೆ ಬಂದ ಇಂಥ ಕುದುರೆಯ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಿಡಿಯಲು ಹೋದರೆ ಸಿಗುವುದಿಲ್ಲ. ಹಗ್ಗ ಎಳೆದರೆ ನಿಂತಲ್ಲೇ ನಿಲ್ಲುತ್ತದೆ, ಇಲ್ಲವೇ ಮೈಮೇಲೆ ನುಗ್ಗುತ್ತದೆ. ಕಟ್ಟಿದರೆ ಹಗ್ಗ ಹರಿಯುತ್ತದೆ. ಲಾರಿ ಏರುವುದಿಲ್ಲ.

ಈ ದೂರಿಗೆ ಥಟ್ಟನೆ ಸಿಗುವ ಸಲಹೆ, "ಅದು ಹಟಮಾರಿ, ಬಿಗಿ ಮಾಡಿ". ಬಿಗಿ ಮಾಡಿದ ಕುದುರೆ ಕೆಲವು ದಿನ ಮಾತು ಕೇಳಿದಂತೆ ಕಾಣುತ್ತದೆ. ಆಮೇಲೆ ಅದೇ ತೊಂದರೆ ಇನ್ನೊಂದು ರೂಪದಲ್ಲಿ, ಹೆಚ್ಚು ಅಪಾಯಕಾರಿಯಾಗಿ ಹೊರಬರುತ್ತದೆ. ನೆಲದ ತಾಲೀಮಿನಲ್ಲಿ, ಅಂದರೆ ಸವಾರಿ ಮಾಡದೆ ನೆಲದ ಮೇಲೆ ನಿಂತು ಹಗ್ಗ ಹಿಡಿದು ಕಲಿಸುವಾಗ, ದೋಷ ಹುಡುಕಲು ಒಂದು ಕ್ರಮವಿದೆ. ಮೊದಲು ಕುದುರೆಯ ಮೈ ನೋಡಬೇಕು, ಆಮೇಲೆ ಅದು ಬದುಕುವ ಲಾಯ, ಆಮೇಲೆ ಹಗ್ಗ ಹಿಡಿದ ಕೈ, ಕಡೆಗೆ ಕುದುರೆ ಹಿಂದೆ ಕಲಿತ ಪಾಠ. ನಾವು ಸಾಮಾನ್ಯವಾಗಿ ಕೊನೆಯದರಿಂದ ಶುರುಮಾಡುತ್ತೇವೆ. ಒಳ್ಳೆಯ ಕುದುರೆಗಳು ಕೆಟ್ಟ ಹೆಸರು ಹೊತ್ತು ಕೈಯಿಂದ ಕೈಗೆ ಮಾರಾಟವಾಗುವುದು ಇದರಿಂದಲೇ ಎಂದು ನಾನು ನಂಬಿದ್ದೇನೆ.

ಮೊದಲು ಮೈ

ನೋವಿರುವ ಕುದುರೆಗೆ ಪಾಠ ಹೇಳಬಾರದು. ಹೆಜ್ಜೆ ಇಡದಿರುವುದು, ತಲೆ ಕೊಡವುವುದು, ಕಚ್ಚಲು ಬರುವುದು, ಕಾಲೆತ್ತಲು ಬಿಡದಿರುವುದು, ಇವುಗಳಲ್ಲಿ ಯಾವುದೂ ನೋವಿನಿಂದ ಬಂದದ್ದಾಗಿರಬಹುದು. ಕುದುರೆ ಲಾಯದಲ್ಲಿ ನೆಮ್ಮದಿಯಾಗಿರುವಾಗ ನಾಡಿ, ಉಸಿರು, ಜ್ವರ ಮೂರನ್ನೂ ಅಳೆದು ಬರೆದಿಡಿ. ಬೆಳೆದ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44, ಉಸಿರು 8ರಿಂದ 16, ಗುದದಲ್ಲಿ ಅಳೆದ ತಾಪ 37.2ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಾಡಿ ಕೆಳದವಡೆಯ ಮೂಳೆಯ ಒಳ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ. ಸುಮ್ಮನೆ ನಿಂತ ಕುದುರೆಯ ನಾಡಿ 50 ದಾಟಿದ್ದರೆ ಅವತ್ತಿನ ತಾಲೀಮು ಬಿಟ್ಟು ಪಶುವೈದ್ಯರಿಗೆ ಹೇಳಿಕಳುಹಿಸಿ.

ಗೊರಸಿನಿಂದ ಆರಂಭಿಸುವುದು ಒಳ್ಳೆಯದು. ಗೊರಸಿನ ಗೋಡೆಯ ಮೇಲೆ ಅಂಗೈ ಇಟ್ಟು ನಾಲ್ಕೂ ಕಾಲುಗಳ ಬಿಸಿಯನ್ನು ಹೋಲಿಸಿ. ಗೊರಸಿಗಿಂತ ಮೇಲೆ, ಗಿಣ್ಣಿನ ಎರಡೂ ಬದಿಯಲ್ಲಿ ಬೆರಳಿಟ್ಟಾಗ ನಾಡಿ ಸಣ್ಣಗೆ ಸಿಕ್ಕಬೇಕು, ಹುಡುಕಿದರೂ ಸಿಗದಷ್ಟು ಸಣ್ಣಗಿದ್ದರೂ ಸರಿ. ಜೋರಾಗಿ ಹೊಡೆದುಕೊಳ್ಳುತ್ತಿದ್ದರೆ ಒಳಗೆ ಕೀವು ಕಟ್ಟಿರಬಹುದು ಅಥವಾ ಗೊರಸಿನ ಒಳಪದರ ಬಾತಿರಬಹುದು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತ ಕುದುರೆಗೆ ಹೆಜ್ಜೆ ಇಡು ಎನ್ನುವುದು ಕ್ರೌರ್ಯ. ಮಳೆಗಾಲದಲ್ಲಿ ಒದ್ದೆ ಲಾಯದಲ್ಲಿ ನಿಂತ ಕುದುರೆಗಳಿಗೆ ಗೊರಸಿನ ತಳ ಕೊಳೆತು ನಾರುವುದು ಸಾಮಾನ್ಯ. ರೇಸ್ ಲಾಳ ತೆಗೆಸಿ ಬರಿಗೊರಸಿನಲ್ಲಿ ಬಿಟ್ಟ ಹೊಸತರಲ್ಲಿ ಥರೋಬ್ರೆಡ್‌ನ ತೆಳು ಗೊರಸಿಗೆ ಜಲ್ಲಿಕಲ್ಲು ಚುಚ್ಚುತ್ತದೆ. ಆಗಲೂ ಕುದುರೆ ನಿಂತುಬಿಡುತ್ತದೆ. ಮಣ್ಣಿನ ಮೇಲೆ ಚೆನ್ನಾಗಿ ನಡೆದು ಜಲ್ಲಿ ಹಾದಿಯಲ್ಲಿ ಮಾತ್ರ ನಿಲ್ಲುವ ಕುದುರೆಗೆ ತರಬೇತುದಾರರಿಗಿಂತ ಮೊದಲು ಲಾಳ ಹೊಡೆಯುವವರನ್ನು ಕರೆಸಬೇಕು.

ಆಮೇಲೆ ಬಾಯಿ. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ, ಹಲ್ಲು ಬಹುಕಾಲ ಮೇಲೇಳುತ್ತಲೇ ಇರುತ್ತದೆ. ಹಾಗಾಗಿ ಮೇಲಿನ ದವಡೆಹಲ್ಲುಗಳ ಹೊರ ಅಂಚು ಕೆನ್ನೆಯ ಕಡೆಗೂ ಕೆಳಗಿನವುಗಳ ಒಳ ಅಂಚು ನಾಲಿಗೆಯ ಕಡೆಗೂ ಚೂಪಾಗುತ್ತವೆ. ಬಿಗಿ ಹಾಲ್ಟರ್‌ನ (ಹಗ್ಗ ಕಟ್ಟಲು ತಲೆಗೆ ತೊಡಿಸುವ, ಕಡಿವಾಣವಿಲ್ಲದ ಪಟ್ಟಿಯ) ಪಟ್ಟಿ ಕೆನ್ನೆಯನ್ನು ಆ ಚೂಪಿನ ಮೇಲೆ ಒತ್ತಿದರೆ ಕುದುರೆ ತಲೆ ಕೊಡವದೆ ಇನ್ನೇನು ಮಾಡೀತು? ಕನಿಷ್ಠ ವರ್ಷಕ್ಕೊಮ್ಮೆ ಹಲ್ಲಿನ ಚೂಪನ್ನು ಅರದಿಂದ ಉಜ್ಜಿಸಿ ಸಮ ಮಾಡಿಸಬೇಕು. ಹುರುಳಿ ಅಗಿಯುವಾಗ ಬಾಯಿಂದ ಉಂಡೆ ಉದುರುವುದು, ಒಂದೇ ಕಡೆ ಅಗಿಯುವುದು ಇದರ ಸುಳಿವು. ಕಿವಿ ಮುಟ್ಟಲು ಬಿಡದ ಕುದುರೆಯ ಕಿವಿಯೊಳಗೆ ಉಣ್ಣೆ ಹುಳು ಇದೆಯೇ ಎಂದೂ ನೋಡಿ. ಯಾವಾಗಲೂ ಒಂದೇ ಬದಿಗೆ ಬೆಚ್ಚುವ ಕುದುರೆಯ ಆ ಬದಿಯ ಕಣ್ಣನ್ನು ತೋರಿಸಿ.

ಹೊಟ್ಟೆಯ ಹುಣ್ಣು ರೇಸ್ ಕುದುರೆಗಳಲ್ಲಿ ತೀರಾ ಸಾಮಾನ್ಯ. ಕುದುರೆಯ ಜಠರ ಚಿಕ್ಕದು, ಆಮ್ಲ ಇಡೀ ದಿನ ಸ್ರವಿಸುತ್ತಲೇ ಇರುತ್ತದೆ. ಆದರೆ ಆಮ್ಲವನ್ನು ತಗ್ಗಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಧಾನ್ಯ ಹೆಚ್ಚು, ಹುಲ್ಲು ಕಡಿಮೆ, ನಡುವೆ ಗಂಟೆಗಟ್ಟಲೆ ಖಾಲಿ ಹೊಟ್ಟೆ ಎಂಬ ಓಟದ ದಿನಚರಿ ಹುಣ್ಣಿಗೆ ಹೇಳಿ ಮಾಡಿಸಿದ್ದು. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಿಸಿ ಕಚ್ಚಲು ಬರುವ ಕುದುರೆಯನ್ನು "ಸಿಡುಕಿ" ಎಂದು ಕರೆಯುವ ಮೊದಲು ಇದನ್ನು ಪರೀಕ್ಷಿಸಬೇಕು. ಖಚಿತವಾಗಿ ತಿಳಿಯುವುದು ಎಂಡೋಸ್ಕೋಪಿಯಿಂದ.

ನೋವು ಮುಖದಲ್ಲಿಯೂ ಕಾಣುತ್ತದೆ. ಇದನ್ನು ಓದಲು ಆರು ಗುರುತುಗಳ ಅಳತೆಪಟ್ಟಿಯೊಂದನ್ನು ಸಂಶೋಧಕರು 2014ರಲ್ಲಿ ಪ್ರಕಟಿಸಿದರು: ಬಿಗಿದು ಹಿಂದಕ್ಕೆ ಸರಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲೆ ಎದ್ದು ಕಾಣುವ ಮೂಳೆ, ಸೆಟೆದ ದವಡೆಯ ಸ್ನಾಯು, ಬಿಗಿದ ತುಟಿ ಮತ್ತು ಗದ್ದ, ಸೆಳೆದ ಹೊಳ್ಳೆ. ದಿನವೂ ಕುದುರೆಯ ಮುಖ ನೋಡುವವರು ಈ ಆರನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಆಮೇಲೆ ಲಾಯ

ಬಯಲಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚು ಹೊತ್ತು, ಹದಿನಾರು ಗಂಟೆಯವರೆಗೂ, ಮೇಯುತ್ತ ಅಲೆಯುತ್ತದೆ. ಲಾಯದ ನಾಲ್ಕು ಗೋಡೆಯೊಳಗೆ ದಿನವೆಲ್ಲ ನಿಂತು, ಹೊರಬಂದ ಒಂದು ಗಂಟೆಯಲ್ಲಿ ಮೈಮೇಲೆ ನುಗ್ಗುವ ಕುದುರೆಗೆ ಬೇಕಾದದ್ದು ಓಡಾಟ. ತಾಲೀಮಿಗೆ ಮೊದಲು ಬೇಲಿಯೊಳಗೆ ಬಿಡಿ. ಓಡದ ಕುದುರೆಗೆ ಓಡುವ ಕಾಲದ ಮೇವು ಹಾಕುವುದೂ ತಪ್ಪು. ಓಟ್ಸ್, ಹುರುಳಿ ಎರಡನ್ನೂ ಇಳಿಸಿ, ಒಣಹುಲ್ಲು, ಗರಿಕೆಯನ್ನು ಏರಿಸಿ. ಮೇವಿಲ್ಲದೆ ನಾಲ್ಕೈದು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಿಸಬೇಡಿ. ತಾಲೀಮಿಗೆ ಮುಂಚೆ ಒಂದು ಹಿಡಿ ಕುದುರೆಮಸಾಲೆ (ಲೂಸರ್ನ್) ಸೊಪ್ಪು ತಿನ್ನಿಸಿದರೆ ಹೊಟ್ಟೆಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಮೇವಿನ ಬದಲಾವಣೆ ಮಾತ್ರ ಒಂದೆರಡು ವಾರ ಹಿಡಿದು ನಿಧಾನವಾಗಿ ಆಗಬೇಕು, ಇಲ್ಲವಾದರೆ ಹೊಟ್ಟೆಶೂಲೆ ಬರುತ್ತದೆ.

ಇನ್ನು ಒಂಟಿತನ. ತೋಟದ ಮನೆಗೆ ಒಂದೇ ಕುದುರೆ ತಂದು ಕಟ್ಟುವವರಿದ್ದಾರೆ. ಹಿಂಡಿನ ಪ್ರಾಣಿಗೆ ಹಿಂಡೇ ಕಾವಲು. ಜೊತೆಗೆ ಇನ್ನೊಂದು ಕುದುರೆ ಇಲ್ಲದಿದ್ದರೆ ಕತ್ತೆಯಾದರೂ ಬೇಕು. ಬೇಲಿಯಾಚೆ ಸಂಗಾತಿ ಕಾಣುವ ಜಾಗದಲ್ಲಿ ಅದೇ ಕುದುರೆ ಎಷ್ಟು ಬೇರೆಯಾಗಿ ನಡೆಯುತ್ತದೆ ಎಂದು ಒಮ್ಮೆ ಪರೀಕ್ಷಿಸಿ ನೋಡಿ.

ಹಗ್ಗ ಹಿಡಿದ ಕೈ

ಮೈ, ಲಾಯ ಎರಡೂ ಸರಿಯಿದ್ದ ಮೇಲೂ ದೋಷ ಉಳಿದರೆ ಹೆಚ್ಚಿನ ಸಲ ಕಾರಣ ಇಲ್ಲಿರುತ್ತದೆ. ನೆಲದ ತಾಲೀಮಿನ ವ್ಯಾಕರಣವೆಲ್ಲ ಎರಡೇ ಮಾತು: ಬಿಗಿ ಮತ್ತು ಸಡಿಲ. ಬಿಗಿ ಕೇಳುವ ಪ್ರಶ್ನೆ, ಸಡಿಲ ಸಿಗುವ ಉತ್ತರ. ಕುದುರೆ ಕಲಿಯುವುದು ಸಡಿಲವಾದ ಕ್ಷಣದಿಂದ. ಹಗ್ಗ ಸಡಿಲವಾದಾಗ ತಾನು ಏನು ಮಾಡುತ್ತಿದ್ದೆನೋ ಅದನ್ನೇ ಸರಿಯಾದ ಉತ್ತರವೆಂದು ಅದು ಇಟ್ಟುಕೊಳ್ಳುತ್ತದೆ. ಹಿಂದಕ್ಕೆ ಜಗ್ಗಿದ ಕುದುರೆಯ ಬಲಕ್ಕೆ ಕೈಸೋತು ಹಗ್ಗ ಬಿಟ್ಟರೆ, ಹಿಂದಕ್ಕೆ ಜಗ್ಗುವುದನ್ನು ನೀವೇ ಕಲಿಸಿದಂತೆ. ಮುಂದಕ್ಕೆ ಒಂದು ಹೆಜ್ಜೆ ಇಟ್ಟ ಮೇಲೂ ಹಗ್ಗ ಬಿಗಿಯಾಗಿಯೇ ಇದ್ದರೆ, ಮುಂದೆ ಬರುವುದರಿಂದ ಏನೂ ಸಿಗುವುದಿಲ್ಲ ಎಂಬುದೂ ಅದಕ್ಕೆ ಪಾಠವೇ. ಸಡಿಲ ಒಂದು ಸೆಕೆಂಡಿನೊಳಗೆ ಬರಬೇಕು.

ರೇಸ್ ಕುದುರೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಓಟದಲ್ಲಿ ಅದು ಕಡಿವಾಣವನ್ನು ಕಚ್ಚಿಹಿಡಿದು, ಲಗಾಮಿನ ಬಿಗಿಯ ಮೇಲೆ ಭಾರ ಹಾಕಿ ಓಡುವುದನ್ನು ಕಲಿತಿರುತ್ತದೆ. ಬಿಗಿ ಎಂದರೆ ಓಡು ಎಂಬುದೇ ಅದರ ಪಾಠ. ನೀವು ತಡೆಯಲು ಹಗ್ಗ ಎಳೆದಷ್ಟೂ ಅದು ಮುನ್ನುಗ್ಗುವುದು ಹಟದಿಂದಲ್ಲ, ಹೇಳಿಕೊಟ್ಟ ಹಾಗೆ ನಡೆದುಕೊಳ್ಳುವ ನಿಷ್ಠೆಯಿಂದ. ಅದನ್ನು ಎಡಬದಿಯಿಂದಲೇ ಹಿಡಿದು, ಎಡಬದಿಯಿಂದಲೇ ಜೀನು ಹಾಕಿ ಬೆಳೆಸಿರುತ್ತಾರೆ. ಬಲಬದಿಯಲ್ಲಿ ಮನುಷ್ಯ ನಿಂತರೆ ಅದಕ್ಕೆ ಹೊಸ ಲೋಕ. ಆದ್ದರಿಂದ ಪ್ರತಿಯೊಂದು ಪಾಠವನ್ನೂ ಎರಡೂ ಬದಿಯಿಂದ ಬೇರೆಬೇರೆಯಾಗಿ ಹೇಳಬೇಕು.

ಕೈಯ ಜೊತೆಗೆ ಮೈಯೂ ಮಾತನಾಡುತ್ತದೆ. ಬರ್ಲಿನ್ನಿನ ಗಣಿತದ ಮೇಷ್ಟರು ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಅವರ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಅದನ್ನು ಪರೀಕ್ಷಿಸಿ 1907ರಲ್ಲಿ ಬರೆದ ವಿವರಣೆ ಇಂದಿಗೂ ಬೆರಗು ಹುಟ್ಟಿಸುತ್ತದೆ: ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ಸೋಲುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆಯಲ್ಲಿ, ಅವರಿಗೇ ತಿಳಿಯದಂತೆ, ಆಗುತ್ತಿದ್ದ ಅತಿಸಣ್ಣ ಚಲನೆಯನ್ನು ಅದು ಓದುತ್ತಿತ್ತು. ಅಷ್ಟು ಸಣ್ಣದನ್ನು ಓದುವ ಪ್ರಾಣಿಯ ಎದುರು ನೀವು ಉಸಿರು ಕಟ್ಟಿ, ಹೆಗಲು ಸೆಟೆದು, ದಿಟ್ಟಿಸಿ ನೋಡುತ್ತ "ಬಾ" ಎಂದರೆ ಅದು ಯಾವ ಮಾತನ್ನು ನಂಬಬೇಕು? ಮೊಬೈಲಿನಲ್ಲಿ ನಿಮ್ಮ ತಾಲೀಮನ್ನು ಯಾರಿಂದಾದರೂ ಚಿತ್ರೀಕರಿಸಿ, ಕುದುರೆಯನ್ನು ಬಿಟ್ಟು ನಿಮ್ಮನ್ನೇ ನೋಡಿ. ದೋಷ ಪತ್ತೆಗೆ ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ.

ಸಲಕರಣೆ ಹೆಚ್ಚೇನೂ ಬೇಡ. ಮೂಗಿನ ಮೇಲೆ ಎರಡು ಬೆರಳು ಸರಿಯುವಷ್ಟು ಸಡಿಲವಾದ ಹಾಲ್ಟರ್, ಸುಮಾರು ಹನ್ನೆರಡು ಅಡಿಯ ದಪ್ಪ ಹತ್ತಿ ಹಗ್ಗ, ಕೈಗವಸು, ಗಟ್ಟಿ ಬೂಟು, ಹೆಲ್ಮೆಟ್. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಿಕೆ ಮಾಡಿ ಹಿಡಿಯಬೇಕು. ಮುಳ್ಳಿನ ಕಡಿವಾಣವನ್ನು ಯಾರಾದರೂ ಸೂಚಿಸಿದರೆ ಅದು ನಮ್ಮ ದೇಶದಲ್ಲಿ 1965ರ ನಿಯಮಗಳಿಂದಲೇ ನಿಷಿದ್ಧ ಎಂದು ಅವರಿಗೆ ನೆನಪಿಸಿ.

ಹಿಡಿಯಲು ಸಿಗದಿದ್ದರೆ

ಹಾಲ್ಟರ್ ಕಂಡೊಡನೆ ಓಡುವ ಕುದುರೆಗೆ ಹಾಲ್ಟರ್ ಬಂದಾಗಲೆಲ್ಲ ದುಡಿಮೆ ಬಂದಿರುತ್ತದೆ. ಹಿಂದೆ ಬಚ್ಚಿಟ್ಟುಕೊಂಡು ಹೋಗುವುದು ಒಂದು ಸಲ ಫಲಿಸಬಹುದು, ಆಮೇಲೆ ನಿಮ್ಮ ಬೆನ್ನ ಹಿಂದಿನ ಕೈಯನ್ನೇ ಕುದುರೆ ಅನುಮಾನಿಸುತ್ತದೆ. ಹಾಲ್ಟರ್ ಕಾಣುವಂತೆ ಹಿಡಿದು, ಮುಖದ ನೇರಕ್ಕೆ ಹೋಗದೆ, ಹೆಗಲಿನ ಕಡೆಗೆ ಓರೆಯಾಗಿ ನಡೆಯಿರಿ. ಕುದುರೆಯ ಹಣೆಯ ನೇರ ಮುಂದೆ, ಮೂಗಿನ ಕೆಳಗೆ, ಬಾಲದ ನೇರ ಹಿಂದೆ ಅದಕ್ಕೆ ಕಣ್ಣು ಕಾಣುವುದಿಲ್ಲ; ಉಳಿದಂತೆ ಸುತ್ತಲೂ ಕಾಣುತ್ತದೆ. ಕುದುರೆ ತಲೆಯೆತ್ತಿ ಗಮನಿಸಿದ ಕ್ಷಣ ನಿಂತುಬಿಡಿ. ಅದು ನಿಮ್ಮ ಕಡೆ ತಿರುಗಿದರೆ ನೀವು ಮುಖ ತಿರುಗಿಸಿ ಎರಡು ಹೆಜ್ಜೆ ದೂರ ಸರಿಯಿರಿ. ಇದೂ ಸಡಿಲವೇ, ಹಗ್ಗವಿಲ್ಲದ ಸಡಿಲ.

ಮುಟ್ಟುವಷ್ಟು ಹತ್ತಿರ ಬಂದಾಗ ಮುಖ ಸವರಲು ಹೋಗಬೇಡಿ. ಕೊರಳು ಮುಗಿದು ಬೆನ್ನು ಶುರುವಾಗುವ ಏಣಿನ ಬಳಿ ಕೆರೆಯಿರಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದಾಗ ನಾಡಿಬಡಿತ ಇಳಿಯುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಹಾಲ್ಟರ್ ಹಾಕಿ, ಕೆರೆದು, ತೆಗೆದು, ಹೊರಟುಹೋಗಿ. ಹಿಡಿದ ಹೆಚ್ಚಿನ ಸಲ ಏನೂ ಕೆಲಸ ಇರಬಾರದು.

ನಿಂತಲ್ಲೇ ನಿಂತರೆ

ಎಲ್ಲಿ ನಿಲ್ಲುತ್ತದೆ ಎಂಬುದೇ ಅರ್ಧ ಉತ್ತರ. ಲಾಯದ ಬಾಗಿಲಲ್ಲಿ ಅಥವಾ ಗೇಟಿನ ಬಳಿ ಮಾತ್ರ ನಿಂತರೆ ಅದು ಸಂಗಾತಿಯನ್ನು ಬಿಡಲು ಅಂಜುತ್ತಿದೆ. ಇಳಿಜಾರಿನಲ್ಲಿ ನಿಂತರೆ ಬೆನ್ನು, ಹಿಂಗಾಲಿನ ಕೀಲು ನೋಡಿಸಿ. ತಲೆ ಎತ್ತರಿಸಿ, ಕಿವಿ ಒಂದೇ ಕಡೆ ನೆಟ್ಟು, ಉಸಿರು ಕಟ್ಟಿ ನಿಂತಿದ್ದರೆ ಅದಕ್ಕೆ ಏನೋ ಕಂಡಿದೆ ಅಥವಾ ಕೇಳಿದೆ. ನಿಮಗೆ ಕಾಣಿಸದಿದ್ದರೂ ಅದನ್ನು ನಂಬಿ. ತಲೆ ಇಳಿಸಿ, ಕಣ್ಣು ಮೃದುವಾಗಿಟ್ಟು, ಎಲ್ಲೆಂದರಲ್ಲಿ ನಿಂತರೆ ಆಗ ಮಾತ್ರ ಅದು ಹಗ್ಗದ ಪಾಠ ಗೊತ್ತಿಲ್ಲದ ಕುದುರೆ.

ಅಂಜಿದ ಕುದುರೆಯನ್ನು ಎಳೆಯಬೇಡಿ. ನೋಡಲು ಬಿಡಿ. ತಲೆ ತಾನಾಗಿ ಇಳಿದ ಮೇಲೆ ಎರಡು ಹೆಜ್ಜೆ ಮುಂದೆ, ಮತ್ತೆ ಎರಡು ಹೆಜ್ಜೆ ಹಿಂದೆ. ಹಿಂದೆ ಬರಲು ದಾರಿ ಇದೆ ಎಂದು ತಿಳಿದ ಕುದುರೆಯೇ ಮುಂದೆ ಹೋಗುತ್ತದೆ.

ಪಾಠ ಗೊತ್ತಿಲ್ಲದ ಕುದುರೆಗೆ ಹೀಗೆ. ಎದುರು ನಿಂತು ಜಗ್ಗದೆ ಅದರ ಹೆಗಲಿನ ಪಕ್ಕ, ಮುಂದಕ್ಕೆ ಮುಖ ಮಾಡಿ ನಿಲ್ಲಿ. ಮನುಷ್ಯ ಎದುರು ನಿಂತು ಕಣ್ಣಿಟ್ಟರೆ ಕುದುರೆಯ ಪಾಲಿಗೆ ದಾರಿ ಮುಚ್ಚಿದಂತೆ. ಹಗ್ಗದ ಜೋಲು ಹೋಗುವಷ್ಟೇ, ಅಂದರೆ ಎರಡು ಬೆರಳಿನ ಬಲದಲ್ಲಿ, ಮುಂದಕ್ಕೆ ಹಿಡಿದು ಕಾಯಿರಿ. ಬಲ ಏರಿಸಬೇಡಿ, ಇಳಿಸಲೂ ಬೇಡಿ. ಹೆಜ್ಜೆಗೆ ಮೊದಲು ಭಾರ ಸರಿಯುತ್ತದೆ: ಎದೆ ಒಂದಿಷ್ಟು ಮುಂದೆ ಬಾಗುತ್ತದೆ, ಕೊರಳಿನ ಬುಡ ಮೆದುವಾಗುತ್ತದೆ. ಅದಕ್ಕೇ ಹಗ್ಗ ಬಿಡಿ. ಮುಂದಿನ ಸಲ ಅರ್ಧ ಹೆಜ್ಜೆಗೆ, ಆಮೇಲೆ ಒಂದು ಹೆಜ್ಜೆಗೆ. ಭಾರ ಸರಿದದ್ದನ್ನು ಕಾಣದೆ ಹೆಜ್ಜೆಗಾಗಿ ಕಾಯುವವರೇ ಹೆಚ್ಚು. ಅಷ್ಟರಲ್ಲಿ ಕುದುರೆ ಪ್ರಯತ್ನಿಸಿ, ಫಲ ಸಿಗದೆ, ಬೇಸತ್ತು ನಿಂತಿರುತ್ತದೆ. ಎಷ್ಟು ಕಾದರೂ ಭಾರ ಸರಿಯದಿದ್ದರೆ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಕರೆಯಿರಿ. ಸಮತೋಲ ಉಳಿಸಿಕೊಳ್ಳಲು ಒಂದು ಮುಂಗಾಲು ಅಡ್ಡಕ್ಕೆ ಸರಿಯಲೇಬೇಕು. ಅದೂ ಹೆಜ್ಜೆಯೇ.

ಇಡೀ ಪಾಠ ಹತ್ತು ಹದಿನೈದು ನಿಮಿಷ ಮೀರದಿರಲಿ. ಚೆನ್ನಾಗಿ ಆದಾಗ ಇನ್ನೊಂದು ಸಲ ಎಂಬ ಆಸೆ ಹುಟ್ಟುತ್ತದೆ. ಅಲ್ಲೇ ನಿಲ್ಲಿಸಿ.

ಮೈಮೇಲೆ ನುಗ್ಗಿದರೆ

ಹೆದರಿದ ಕುದುರೆ ಆಸರೆಗಾಗಿ ಮೈಗೆ ಒತ್ತುತ್ತದೆ, ಬೆಲ್ಲ-ಕ್ಯಾರೆಟ್ ರುಚಿ ಕಂಡದ್ದು ಜೇಬಿಗೆ ಒತ್ತುತ್ತದೆ. ಎರಡನೆಯದಕ್ಕೆ ಮದ್ದು ಸುಲಭ: ಕೈಯಿಂದ ತಿನ್ನಿಸುವುದನ್ನು ಬಿಟ್ಟು ಬಕೆಟ್ಟಿಗೆ ಹಾಕಿ. ಮೊದಲನೆಯದಕ್ಕೆ ಹಿಂದೆ ಸರಿಯುವ ಪಾಠ ಬೇಕು. ಹಗ್ಗವನ್ನು ಅದರ ಎದೆಯ ಕಡೆಗೆ ಮೃದುವಾಗಿ ಹಿಡಿದು, ಭಾರ ಹಿಂದಕ್ಕೆ ಸರಿದೊಡನೆ ಬಿಡಿ. ಒಂದು ತೋಳಿನಷ್ಟು ಅಂತರ ನಿಮ್ಮದು. ಅದನ್ನು ದಿನವೂ, ಪ್ರತಿ ಸಲವೂ, ಸಿಟ್ಟಿಲ್ಲದೆ ಕಾಯ್ದುಕೊಳ್ಳಬೇಕು. ಇವತ್ತು ಮುದ್ದಿಗೆ ಭುಜಕ್ಕೆ ತಲೆ ಉಜ್ಜಲು ಬಿಟ್ಟು ನಾಳೆ ಅದಕ್ಕೇ ಹೊಡೆದರೆ ಕುದುರೆಗೆ ತಿಳಿಯುವುದು ನೀವು ನಂಬಿಕಸ್ತರಲ್ಲ ಎಂಬುದು ಮಾತ್ರ.

ಕಟ್ಟಿದರೆ ಹಗ್ಗ ಹರಿದರೆ

ಹಾಲ್ಟರ್‌ನ ಪಟ್ಟಿ ಕಿವಿಗಳ ಹಿಂದೆ, ನೆತ್ತಿಯ ಮೇಲೆ ಕೂರುತ್ತದೆ. ತಲೆ ಹಿಂದಕ್ಕೆ ಸೆಳೆದಾಗ ಅಲ್ಲಿ ಬಿಗಿ ಬೀಳುತ್ತದೆ. ತಪ್ಪಿಸಿಕೊಳ್ಳಲಾಗದೆ ಗಾಬರಿ ಏರುತ್ತದೆ. ಗಾಬರಿಗೆ ಇನ್ನಷ್ಟು ಸೆಳೆಯುತ್ತದೆ. ಇಂಥ ಕುದುರೆಯನ್ನು ಗಟ್ಟಿ ಮರಕ್ಕೆ ಕಟ್ಟಿ "ಸೋಲಲಿ" ಎಂದು ಬಿಟ್ಟರೆ ಕೊರಳಿನ ಮೂಳೆಗೇ ಪೆಟ್ಟಾಗಬಹುದು. ಹಿಂಗಾಲಿಗೂ ಹಗ್ಗ ಹಾಕಿ ಕಟ್ಟುವ ಹಳೆಯ ರೂಢಿಯೂ ಇಲ್ಲಿ ಕೆಲಸಕ್ಕೆ ಬರದು.

ಕೆಲವು ಕಾಲ ಕಟ್ಟುವುದನ್ನೇ ಬಿಡಿ. ಮೊದಲ ಪಾಠ ತಲೆ ಇಳಿಸುವುದು. ನೆತ್ತಿಯ ಮೇಲೆ ಎರಡು ಬೆರಳಿಟ್ಟು ಚಿಟ್ಟೆ ಕೂತಷ್ಟು ಭಾರ ಹಾಕಿ ಕಾಯಿರಿ. ತಲೆ ಒಂದು ಅಂಗುಲ ಇಳಿದರೂ ಬೆರಳು ತೆಗೆಯಿರಿ. ಬಿಗಿ ಬಂದಾಗ ತಲೆ ಇಳಿಸಿ ಮುಂದೆ ಬಂದರೆ ಸಡಿಲ ಸಿಗುತ್ತದೆ ಎಂಬುದು ಮೈಗೂಡಿದ ಮೇಲೆ, ಉದ್ದ ಹಗ್ಗವನ್ನು ಗೋಡೆಯ ಬಳೆಯೊಳಗೆ ಹಾಯಿಸಿ ತುದಿಯನ್ನು ನೀವೇ ಹಿಡಿಯಿರಿ. ಸೆಳೆದರೆ ಸರಿಯಲು ಬಿಡಿ, ನಿಂತಾಗ ಮೆಲ್ಲಗೆ ಮುಂದಕ್ಕೆ ಕರೆಯಿರಿ. ಕಡೆಗೆ ಕಟ್ಟುವ ದಿನ ಬಳೆಗೆ ಸಣಬಿನ ದಾರದ ಕುಣಿಕೆ ಹಾಕಿ ಹಗ್ಗವನ್ನು ಆ ಕುಣಿಕೆಗೆ ಕಟ್ಟಿ, ನಿಜವಾದ ಗಾಬರಿಯಲ್ಲಿ ಹರಿಯುವುದು ದಾರವೇ ಆಗಿರಲಿ. ಗಂಟು ಕುದುರೆಯ ಏಣಿನ ಎತ್ತರದಲ್ಲಿ, ಒಂದೆಳೆತಕ್ಕೆ ಬಿಚ್ಚುವಂತಿರಬೇಕು.

ಸದ್ದಿಗೆ ಬೆದರಿದರೆ

ಮೈಸೂರಿನವರಿಗೆ ಇದರ ಉತ್ತರ ಕಣ್ಣೆದುರಿಗೇ ಇದೆ. ವಿಜಯದಶಮಿಯಂದು 21 ಕುಶಾಲತೋಪು ಹಾರುವಾಗ ಆನೆಗಳೂ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳೂ ನಿಲ್ಲಬೇಕು. ಅದಕ್ಕಾಗಿ ದಸರೆಗೆ ಮುಂಚೆಯೇ ಕುಶಾಲತೋಪಿನ ತಾಲೀಮು ಹಂತಹಂತವಾಗಿ ನಡೆಯುತ್ತದೆ. ಮನೆಯ ಕುದುರೆಗೂ ಬೇಕಾದದ್ದು ದೂರ ಮತ್ತು ಹಂತ. ಪ್ಲಾಸ್ಟಿಕ್ ಚೀಲಕ್ಕೆ ಹೆದರುವ ಕುದುರೆಗೆ ಚೀಲವನ್ನು ಮುಖಕ್ಕೆ ಹಿಡಿದು ಅಭ್ಯಾಸ ಮಾಡಿಸುವುದು ಬೇಡ. ಅದು ಕಿವಿ ತಿರುಗಿಸಿ ಗಮನಿಸುವ, ಆದರೆ ಕಾಲು ಕೀಳದ ದೂರವನ್ನು ಹುಡುಕಿ ಅಲ್ಲಿಂದ ಶುರುಮಾಡಿ. ಇನ್ನೊಬ್ಬರು ಚೀಲ ಹಿಡಿದು ಮುಂದೆ ನಡೆಯಲಿ, ಕುದುರೆ ಹಿಂದೆ ಬರಲಿ. ತನ್ನಿಂದ ದೂರ ಸರಿಯುವ ವಸ್ತುವಿಗೆ ಕುದುರೆ ಹೆದರುವುದು ಕಡಿಮೆ. ಸ್ವಲ್ಪ ಹೊತ್ತಿಗೆ ತಾನೇ ಬೆನ್ನಟ್ಟುತ್ತದೆ. ಬೈಕಿನ ಸದ್ದಿಗೂ ಇದೇ ಉಪಾಯ.

ಗೊರಸು ಎತ್ತಲು ಬಿಡದ ಕುದುರೆಗೂ ಇದೇ ಕ್ರಮ: ಹೆಗಲಿನಿಂದ ಕೈ ಜಾರಿಸುತ್ತ ಬಂದು, ಅದು ಬಿಗಿಯಾಗುವ ಜಾಗಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲಿಸಿ. ಕಾಲು ಕೊಡವುತ್ತಿರುವಾಗ ಕೆಳಗೆ ಬಿಡಬೇಡಿ, ನಿಶ್ಚಲವಾದ ಕ್ಷಣದಲ್ಲಿ ನೀವೇ ಇಳಿಸಿಡಿ.

ಲಾರಿ ಏರದಿದ್ದರೆ

ಹೊರಡುವ ದಿನ ಲಾರಿ ಏರುವುದನ್ನು ಕಲಿಸಲಾಗದು. ಕುದುರೆಯ ಕಣ್ಣಿನಿಂದ ನೋಡಿದರೆ ಅದೊಂದು ಕತ್ತಲೆಯ ಗುಹೆ, ಕಾಲಿಟ್ಟರೆ ಟೊಳ್ಳು ಸದ್ದು, ತಿರುಗಲು ಜಾಗವಿಲ್ಲ. ಬಿಸಿಲಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಮೊದಲು ಲಾರಿಯ ದೋಷಗಳನ್ನು ತೆಗೆಯಿರಿ. ಮರದ ನೆರಳಲ್ಲಿ ನಿಲ್ಲಿಸಿ. ಒಳಗೆ ಬೆಳಕು ಬರುವಂತೆ ಮುಂದಿನ ಬಾಗಿಲು ತೆರೆಯಿರಿ, ಇಲ್ಲವೇ ದೀಪ ಹಾಕಿ. ಏರುಹಲಗೆಯ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಇಳಿಜಾರು ಕಡಿಮೆಯಾಗಲು ದಿಬ್ಬಕ್ಕೆ ತಾಗಿಸಿ. ಹಲಗೆ ಅಲುಗಾಡದಂತೆ ಕೆಳಗೆ ಒತ್ತು ಕೊಡಿ.

ಲಾರಿಯ ಹತ್ತಿರ ಹೋಗುವ ಮೊದಲೇ ನೆಲದಲ್ಲಿ ಮರದ ಹಲಗೆಯೊಂದನ್ನು ಹಾಸಿ ಅದರ ಮೇಲೆ ನಡೆಯುವುದನ್ನೂ ಹಿಂದಕ್ಕೆ ಇಳಿಯುವುದನ್ನೂ ಕಲಿಸಿ. ಇಳಿಯುವುದನ್ನು ಮರೆಯುವವರೇ ಜಾಸ್ತಿ. ಏರಿದ ಕುದುರೆ ಇಳಿಯಲು ತಿಳಿಯದೆ ಒಮ್ಮೆ ಜಾರಿ ಬಿದ್ದರೆ ಮತ್ತೆ ಏರುವುದಿಲ್ಲ, ಏರದಿರುವುದೇ ಅದರ ಜಾಣತನ. ಲಾರಿಯಲ್ಲಿ ಒಂದು ಗೊರಸು ಇಟ್ಟೊಡನೆ ನೀವೇ ಹಿಂದಕ್ಕೆ ಕರೆತನ್ನಿ. ಮತ್ತೆ ಒಂದು, ಮತ್ತೆ ಹಿಂದಕ್ಕೆ. ಆಮೇಲೆ ಎರಡು. ಒಳಗೆ ಹೋದ ಮೇಲೆ ಹುಲ್ಲು ತಿನ್ನುತ್ತ ನಿಲ್ಲಲಿ, ಹಿಂಬಾಗಿಲು ತೆರೆದೇ ಇರಲಿ. ಬಾಗಿಲು ಹಾಕುವುದು, ಎಂಜಿನ್ ಚಾಲೂ ಮಾಡುವುದು, ಊರ ಸುತ್ತ ಒಂದು ಚಿಕ್ಕ ಸುತ್ತು, ಇವು ಬೇರೆಬೇರೆ ದಿನಗಳ ಪಾಠ.

ಎರಡು ನಿಯಮ ಮಾತ್ರ ಎಂದೂ ಮುರಿಯಬಾರದು. ಹಿಂದಿನ ಅಡ್ಡಪಟ್ಟಿ ಹಾಕುವ ಮೊದಲು ತಲೆ ಕಟ್ಟಬಾರದು. ತಲೆಯ ಹಗ್ಗ ಬಿಚ್ಚುವ ಮೊದಲು ಅಡ್ಡಪಟ್ಟಿ ತೆಗೆಯಬಾರದು. ಹಿಂದೆ ತೆರೆದು ಮುಂದೆ ಕಟ್ಟಿದ ಕುದುರೆಯೇ ಹಿಮ್ಮುಖವಾಗಿ ನುಗ್ಗಿ ಬೀಳುವುದು. ಹಿಂದಿನಿಂದ ಪೊರಕೆ, ಕೋಲು ಹಿಡಿದು ಗದರಿಸುವ ನೆರೆಹೊರೆಯವರನ್ನು ವಿನಯದಿಂದ ದೂರ ಕಳುಹಿಸಿ.

ದೋಷವೇ ಇಲ್ಲದಂತೆ ಕಂಡರೆ

ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸ್ಥಿತಿ. ಕುದುರೆ ಏನು ಮಾಡಿದರೂ ಸುಮ್ಮನಿರುತ್ತದೆ. ಚೀಲ ಬೀಸಿದರೂ ಕದಲುವುದಿಲ್ಲ, ಹೊಸಬರು ಬಂದರೂ ಕಿವಿ ತಿರುಗಿಸುವುದಿಲ್ಲ. "ಎಷ್ಟು ಸಾಧು!" ಎಂದು ಎಲ್ಲರೂ ಹೊಗಳುತ್ತಾರೆ. ದುಂಡನೆಯ ಬೇಲಿಯೊಳಗೆ ಗಂಟೆಗಟ್ಟಲೆ ಅಟ್ಟಿ, ದಣಿಸಿ, "ಶರಣಾಗಿಸಿದ" ಕುದುರೆಗಳಲ್ಲಿ ಇದನ್ನು ಕಾಣಬಹುದು. ಪ್ರತಿಭಟಿಸಿ ಫಲವಿಲ್ಲವೆಂದು ಕಲಿತ ಪ್ರಾಣಿ ಒಳಗೊಳಗೇ ಮುಚ್ಚಿಕೊಂಡಿರುತ್ತದೆ. ನಾಲಿಗೆ ಚಪ್ಪರಿಸಿ ಬಾಯಾಡಿಸಿದ್ದನ್ನು ಒಪ್ಪಿಗೆಯ ಗುರುತೆಂದು ಹೇಳುವ ರೂಢಿಯಿದೆ. ಅದು ಬಿಗಿ ಕಳೆದು ಮೈ ಸಡಿಲಗೊಳ್ಳುವಾಗ ಬರುವ ಗುರುತು, ಅಂದರೆ ಸ್ವಲ್ಪ ಮೊದಲು ಭಯವಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ನೆಮ್ಮದಿಯ ಕುದುರೆಯನ್ನು ಗುರುತಿಸುವುದು ಕಷ್ಟವಲ್ಲ. ಕಿವಿಗಳು ಒಂದೊಂದೂ ಬೇರೆಬೇರೆ ಕಡೆ ಆಡುತ್ತಿರುತ್ತವೆ, ಕಣ್ಣು ರೆಪ್ಪೆ ಹೊಡೆಯುತ್ತದೆ, ಹೊಸ ವಸ್ತು ಕಂಡರೆ ಮೂಗು ಚಾಚಿ ಮೂಸುತ್ತದೆ. ಮುಚ್ಚಿಕೊಂಡ ಕುದುರೆಯ ಕಣ್ಣು ಎಲ್ಲಿಯೂ ನೋಡುತ್ತಿರುವುದಿಲ್ಲ. ಅದಕ್ಕೆ ತಾಲೀಮು ನಿಲ್ಲಿಸಿ. ಸಂಗಾತಿಯ ಜೊತೆ ಬಯಲಿಗೆ ಬಿಡಿ, ವಾರಗಟ್ಟಲೆ ಏನೂ ಕೇಳಬೇಡಿ. ಮತ್ತೆ ಶುರುವಾದಾಗ ಅದು ಮೊದಲಿಗಿಂತ ತಂಟೆಕೋರನಾಗಿ ಕಾಣಬಹುದು. ಅದಕ್ಕೆ ಮತ್ತೆ ಅಭಿಪ್ರಾಯ ಬಂದಿದೆ; ಸಂತೋಷಪಡಿ.

ಸರಿಯಾಯಿತು ಎಂದು ತಿಳಿಯುವುದು ಹೇಗೆ

ಅದೇ ಅಂಗಳದಲ್ಲಿ, ಅದೇ ಹೊತ್ತಿಗೆ, ನಿಮ್ಮ ಕೈಯಲ್ಲಿ ಮಾತ್ರ ನಡೆಯುವ ಕುದುರೆ ಇನ್ನೂ ಅರ್ಧ ದಾರಿಯಲ್ಲಿದೆ. ಜಾಗ ಬದಲಿಸಿ ನೋಡಿ, ಆಮೇಲೆ ಹೊತ್ತು, ಆಮೇಲೆ ಹಗ್ಗ ಹಿಡಿಯುವವರನ್ನು. ಒಮ್ಮೆಗೆ ಒಂದನ್ನೇ ಬದಲಿಸಿದರೆ ಎಲ್ಲಿ ಕೆಟ್ಟಿತು ಎಂಬುದು ಗೊತ್ತಾಗುತ್ತದೆ. ಹೊಸಬರು ಹಿಡಿದಾಗ ದೋಷ ಮರುಕಳಿಸಿದರೆ ಅವರಿಗೆ ಹಗ್ಗ ಬಿಡುವ ಹೊತ್ತನ್ನು ತೋರಿಸಿಕೊಡಿ. ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು, ಮನೆಯ ಮಕ್ಕಳು, ಎಲ್ಲರ ಬಿಗಿ-ಸಡಿಲವೂ ಒಂದೇ ತರಹ ಇರಬೇಕು. ಚೆನ್ನಾಗಿದ್ದ ಕುದುರೆಯಲ್ಲಿ ಒಂದು ಬೆಳಿಗ್ಗೆ ಹಳೆಯ ದೋಷ ಏಕಾಏಕಿ ಕಾಣಿಸಿದರೆ ಪಾಠ ಮರೆತಿದೆ ಎಂದುಕೊಳ್ಳಬೇಡಿ. ಗೊರಸು ಮುಟ್ಟಿ ಬಿಸಿ ನೋಡಿ, ನಾಡಿ ಎಣಿಸಿ, ಹಿಂದಿನ ರಾತ್ರಿಯ ಮೇವು ಉಳಿದಿದೆಯೇ ನೋಡಿ. ಮುಂಗಾಲೆತ್ತಿ ನಿಲ್ಲುವ, ಹಲ್ಲು ತೆರೆದು ಬೆನ್ನಟ್ಟುವ, ಗುರಿಯಿಟ್ಟು ಒದೆಯುವ ಕುದುರೆಯಾದರೆ ಒಬ್ಬರೇ ಕೈಹಾಕಬೇಡಿ. ಪಶುವೈದ್ಯರ ತಪಾಸಣೆ ಮುಗಿಸಿ, ಹೊಡೆಯದೆ ಕಲಿಸುವ ಅನುಭವಿ ತರಬೇತುದಾರರನ್ನು ಕರೆಸಿ, ಅವರ ಮೊದಲ ಪಾಠದ ವೇಳೆ ನೀವೂ ಬೇಲಿಯ ಬಳಿ ನಿಂತು ನೋಡಿ.